ತಾಯಪ್ಪನ ಟಂಟಂ ಹತ್ತಿದ ಪಂಡಿತರು

ತಾಯಪ್ಪ ಸುರಪುರ–ಹುಣಸಗಿ ನಡುವೆ ಟಂಟಂ ಆಟೊ ಓಡಿಸತೊಡಗಿ ಹದಿನೆಂಟು ವರ್ಷ. ಹನ್ನೆರಡು ಮಂದಿ ತುಂಬುವ ತನಕ ಅವನ ಗಾಡಿ ಅಲುಗುವುದಿಲ್ಲ. ಮುಹೂರ್ತ ಮೀರುತ್ತಿರುವ ಮದುಮಗ ಹತ್ತಿದ್ದರೂ ಅಷ್ಟೇ. ಇಂಥ ಪರಿಸರದ್ರೋಹಿಗಳನ್ನು ತಿದ್ದಲೆಂದೇ ಮೊನ್ನೆ ಸುರಪುರದಲ್ಲಿ ಸಭೆ ನಡೆಯಿತು. ಬೆಂಗಳೂರಿನಿಂದ ಬಂದ ಪಂಡಿತರು ಎರಡು ತಾಸು ಮಾತಾಡಿದರು. ಹೊಗೆಗೂ ಬೆಲೆ ಕಟ್ಟಬೇಕಂತೆ. ಡೀಸೆಲ್ ಮೇಲೆ ಇಂಗಾಲದ ತೆರಿಗೆ ಬಿದ್ದರೆ, ಜನ ಒಂದೇ ಗಾಡಿಯಲ್ಲಿ ಕೂಡಿ ಓಡಾಡುವುದನ್ನು ಕಲಿಯುತ್ತಾರಂತೆ. ಹಿಂದಿನ ಸಾಲಿನಲ್ಲಿ ಕುಳಿತ ತಾಯಪ್ಪ ಭಕ್ತಿಯಿಂದ ತಲೆಯಾಡಿಸಿದ. ಅಷ್ಟೂ ಹೊತ್ತು ಹೊರಗೆ ಪಂಡಿತರ ದೊಡ್ಡ ಕಾರು, ಒಳಗಿನ ತಂಪು ಕೆಡಬಾರದೆಂದು, ಎಂಜಿನ್ ಆರಿಸದೆ ನಿಂತಿತ್ತು.

ಸಭೆ ಮುಗಿಯಿತು. ಕಾರಿನ ಡೀಸೆಲ್ಲೂ ಮುಗಿದಿತ್ತು. ಚಾಲಕ ಕ್ಯಾನು ಹಿಡಿದು ಬಂಕ್ ಹುಡುಕಿಕೊಂಡು ಹೋದ. ಪಂಡಿತರು ಬೆವರೊರೆಸಿಕೊಳ್ಳುತ್ತ ಬಂದು ಖಾಲಿ ಟಂಟಂ ಹತ್ತಿದರು.

"ಬೇಗ ಹೊರಡಪ್ಪ, ಹುಣಸಗಿಯಲ್ಲಿ ಇದೇ ವಿಷಯದ ಮೇಲೆ ಇನ್ನೊಂದು ಭಾಷಣ ಇದೆ."

ತಾಯಪ್ಪ ಕೈಮುಗಿದ.

"ಕುಂದರ್ರಿ ಸಾಹೇಬ್ರ. ಹೊಗಿ ತುಟ್ಟಿ ಅದ, ಎಲ್ಲಾರೂ ಕೂಡಿ ಹೋಗಬೇಕು ಅಂತ ನೀವ ಹೇಳೀರಿ. ಇನ್ನಾ ಹನ್ನೊಂದು ಮಂದಿ ಬರ್ಲಿ, ಬಿಡ್ತೀನಿ."