ಜಡ್ಜ್ ಬಿಚ್ಚಿದ ಹಿಂದಿನ ಚಕ್ರ

ಆ ಬೀದಿಯ ಮೆಕ್ಯಾನಿಕ್‌ಗೆ ಜಡ್ಜ್ ಎಂಬ ಹೆಸರು ಬಂದದ್ದು ಅವನು ಯಾವುದೋ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲ್ಲ. ಯಾವ ಗಾಡಿ ಬಂದರೂ ಅದನ್ನು ರಿಪೇರಿ ಮಾಡುವ ಮೊದಲು, ಹಿಂದೆ ರಿಪೇರಿ ಮಾಡಿದವನಿಗೆ ಶಿಕ್ಷೆ ವಿಧಿಸುವುದು ಅವನ ಪದ್ಧತಿ. ಬಂದವನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಜಡ್ಜ್ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, "ಯಾವ ಪುಣ್ಯಾತ್ಮ ಇದಕ್ಕೆ ಕೈ ಹಾಕಿದ್ದು?" ಎಂದು ಕೇಳಿಯಾಗಿರುತ್ತಿತ್ತು. ಉತ್ತರ ಯಾವುದಾದರೂ ತೀರ್ಪು ಒಂದೇ. ಆ ಪುಣ್ಯಾತ್ಮನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ, ಕಣ್ಣಿಲ್ಲ, ಕಿವಿಯಿಲ್ಲ, ತಲೆಯಂತೂ ಹುಟ್ಟಿದಾಗಿನಿಂದಲೇ ಇಲ್ಲ. ಇಷ್ಟು ಹೇಳಿಯಾದ ಮೇಲೆಯೇ ಅವನ ಕೈ ಗಾಡಿಯ ಕಡೆ ಹೋಗುತ್ತಿದ್ದುದು.

ಕೈ ಮಾತ್ರ ಒಳ್ಳೆಯ ಕೈ. ಅದನ್ನು ಒಪ್ಪದೆ ವಿಧಿಯಿಲ್ಲ. ಮೂವತ್ತೈದು ವರ್ಷ ಒಂದೇ ತಗಡಿನ ಶೆಡ್ಡಿನಲ್ಲಿ ಕೂತವನು, ಇಂಜಿನ್ ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಸಾಕು, ಒಳಗೆ ಏನು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದ. ಅಷ್ಟಕ್ಕೇ ಸುಮ್ಮನಾಗಿದ್ದರೆ ಜನ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಸುಮ್ಮನಾಗುವ ಜಾಯಮಾನವೇ ಅದಲ್ಲ. ಮನೆಯಲ್ಲಿ ಹೆಂಡತಿ ಮಡಿಸಿಟ್ಟ ಬಟ್ಟೆ, ಪಕ್ಕದ ಮನೆಯ ಗೇಟಿನ ಕೀಲು, ಡಾಕ್ಟರು ಬರೆದ ಚೀಟಿಯ ಅಕ್ಷರ, ಎಲ್ಲಕ್ಕೂ ಅವನದೊಂದು ಷರಾ ಇದ್ದೇ ಇರುತ್ತಿತ್ತು. ಹೆಂಡತಿ ಈಚೆಗೆ ಅವನು ಮಾತು ಶುರು ಮಾಡಿದ ಕೂಡಲೇ ಮಿಕ್ಸಿ ಹಾಕುತ್ತಿದ್ದಳು, ಜಾರಿನಲ್ಲಿ ಏನೂ ಇಲ್ಲದಿದ್ದರೂ.

ಅವನ ಕೈಯಲ್ಲಿ ಅತಿ ಹೆಚ್ಚು ಶಿಕ್ಷೆ ಅನುಭವಿಸಿದವನು ಅಕ್ಕನ ಮಗ. ಹತ್ತು ವರ್ಷ ಸೋದರಮಾವನ ಶೆಡ್ಡಿನಲ್ಲೇ ಕೆಲಸ ಕಲಿತು, ಆ ಹತ್ತು ವರ್ಷವೂ ಮಾವನ ಬಾಯಲ್ಲಿ 'ಎಮ್ಮೆ'ಯಾಗಿದ್ದು, ಮದುವೆಯಾದ ಮೇಲೆ ಬೀದಿಯ ಇನ್ನೊಂದು ತುದಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದ. ಅಂದಿನಿಂದ ಜಡ್ಜ್ ಕೈ ತೊಳೆದುಕೊಂಡು ಅವನ ಬೆನ್ನು ಹತ್ತಿದ. ಎಮ್ಮೆ ಬಿಗಿದ ನಟ್ಟು, ಎಮ್ಮೆ ಹಾಕಿದ ಆಯಿಲ್ಲು ಎಂದು ಬೀದಿಯಲ್ಲಿ ನಗೆಯಾಡದ ದಿನವಿಲ್ಲ. ಈಗ ಆ ಎಮ್ಮೆಗೆ ಆಸ್ಪತ್ರೆಯ ಕೆಲಸ ಸಿಗುವುದರಲ್ಲಿತ್ತು. ಮನೆ ಮನೆಗೆ ಹೋಗಿ ಬಾಣಂತಿಯರನ್ನು ನೋಡುವ ನರ್ಸುಗಳ ಹತ್ತು ಬೈಕುಗಳನ್ನು ವರ್ಷವಿಡೀ ನೋಡಿಕೊಳ್ಳುವ ಕೆಲಸ. ಮಾತೆಲ್ಲ ಮುಗಿದು ಕಾಗದ ಬರುವುದೊಂದು ಬಾಕಿಯಿತ್ತು. ಆ ಸುದ್ದಿ ಕೇಳಿದಾಗಿನಿಂದ ಜಡ್ಜ್‌ಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಾಮಾನು ಸಾಗಿಸುವ ಗಾಡಿಯೊಂದು ಶೆಡ್ಡಿನ ಮುಂದೆ ನಿಂತಿತು. ಅದರ ಮೇಲೆ ಒಂದು ಬೈಕು, ಅದರ ಪಕ್ಕದಲ್ಲಿ ಎಡಗೈಗೆ ಪ್ಲಾಸ್ಟರ್ ಹಾಕಿಕೊಂಡ ನರ್ಸಮ್ಮ. ಹಿಂದಿನ ಚಕ್ರ ಉರುಳುತ್ತಲೇ ಇರಲಿಲ್ಲವಾದ್ದರಿಂದ ನಾಲ್ಕು ಜನ ಸೇರಿ ಬೈಕನ್ನು ಹೊತ್ತು ಇಳಿಸಬೇಕಾಯಿತು.

"ತಿರುವಿನಲ್ಲಿ ಹಿಂದಿನ ಚಕ್ರ ಗಪ್ಪಂತ ಹಿಡ್ಕೊಂಡ್‌ಬಿಡ್ತು, ಜಡ್ಜ್ ಸಾಹೇಬ್ರೇ. ನಾನೊಂದು ಕಡೆ, ಗಾಡಿ ಒಂದು ಕಡೆ. ಹಿಂದೆ ಬರ್ತಿದ್ದ ಲಾರಿಯವನು ಬ್ರೇಕ್ ಹಾಕ್ದೆ ಇದ್ದಿದ್ರೆ ಇವತ್ತು ನಾನಿರ್ತಿರ್ಲಿಲ್ಲ."

"ಯಾವ ಪುಣ್ಯಾತ್ಮ ಕೈ ಹಾಕಿದ್ದು?"

"ಹೋದ ವಾರ ನಿಮ್ಮ ಅಳಿಯನ ಹತ್ರ ಚೈನ್ ಬಿಗಿ ಮಾಡಿಸಿದ್ದೆ. ಯಾರ ತಪ್ಪು ಅಂತ ಆಸ್ಪತ್ರೆಗೆ ಬರೆದುಕೊಡ್ಬೇಕಂತೆ. ಅವನದೇ ಆದ್ರೆ ಆ ಹತ್ತು ಗಾಡಿ ಅವನಿಗೆ ಕೊಡಲ್ಲ ಅಂದಿದ್ದಾರೆ. ನೀವು ಬಿಚ್ಚಿ ನೋಡಿ, ಏನಿದ್ರೂ ಇದ್ದ ಹಾಗೆ ಹೇಳಿ. ನಿಮ್ಮ ಮಾತು ಬರ್ಕೊಂಡು ಹೋಗ್ತೀನಿ."

ಜಡ್ಜ್‌ನ ಮುಖ ನೋಡಬೇಕಿತ್ತು. ಆಕೆಯ ಮುರಿದ ಕೈಯ ಬಗ್ಗೆ ಒಂದು ಮಾತು ಕೇಳಲೂ ಪುರಸೊತ್ತಿಲ್ಲದಷ್ಟು ಸಂತೋಷ ಆ ಮುಖದಲ್ಲಿತ್ತು.

"ಬಿಚ್ಚೋದೇನು ಬಂತು ನರ್ಸಮ್ಮಾ! ಚೈನನ್ನ ತಂತಿ ಎಳೆದ ಹಾಗೆ ಎಳೆದು ಕಟ್ಟಿರ್ತಾನೆ, ಅದು ಬೇರಿಂಗನ್ನ ತಿಂದು ನೀರು ಕುಡಿದಿರುತ್ತೆ. ಆದ್ರೂ ಬಿಚ್ತೀನಿ. ಅವನ ಕಣ್ಣೆದುರಿಗೇ ಬಿಚ್ತೀನಿ. ಟೈಲರೇ, ಹೋಗಿ ನಮ್ಮ ಘನವಂತನ್ನ ಕರ್ಕೊಂಡ್ ಬನ್ನಿ."

ಪಕ್ಕದ ಅಂಗಡಿಯ ಟೈಲರ್ ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಓಡಿದ. ಇಂಥ ಕೆಲಸಕ್ಕೆ ಅವನ ಕಾಲು ಯಾವತ್ತೂ ಮುಂದು. ಜಡ್ಜ್ ಮಾತ್ರ ಚೈನಿನ ಕೆಳಗೆ ಒಂದು ಬೆರಳಿಟ್ಟೂ ನೋಡಲಿಲ್ಲ. ನೋಡುವುದೇಕೆ, ಗೊತ್ತಿದೆಯಲ್ಲ!

ಅಳಿಯ ಕೈ ಒರೆಸಿಕೊಳ್ಳುತ್ತ ಬಂದು ಮೊದಲು ನರ್ಸಮ್ಮನ ಪ್ಲಾಸ್ಟರ್ ನೋಡಿದ, ಆಮೇಲೆ ಚಕ್ರ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಮಾವ, ಇವರನ್ನೇ ಸೀಟಿನ ಮೇಲೆ ಕೂರಿಸಿ ಅಳೆದಿದ್ದೆ. ಚೈನ್ ಎಷ್ಟು ಬೇಕೋ ಅಷ್ಟು, ಎರಡು ಬೆರಳು ಆಡ್ತಿತ್ತು."

"ಎಮ್ಮೆಗೆ ಬೆರಳು ಬೇರೆ ಇರುತ್ತಾ?"

ಸೇರಿದ್ದ ಏಳೆಂಟು ಜನ ನಕ್ಕರು. ಟೈಲರ್ ಎಲ್ಲರಿಗಿಂತ ಎರಡು ನಗೆ ಹೆಚ್ಚು ನಕ್ಕ.

ಕೆಲಸ ಶುರುವಾಯಿತು. ಆಕ್ಸಲ್ ನಟ್ಟೇನೋ ಸುಲಭವಾಗಿ ಬಂತು. ಚಕ್ರದ ಅಚ್ಚಾದ ಆಕ್ಸಲ್ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬೇರಿಂಗಿಗೆ ಅಂಟಿಕೊಂಡು, ಹಬ್ ಎಂಬ ಚಕ್ರದ ಗುಂಬದೊಳಗೆ ಬೇರು ಬಿಟ್ಟ ಹಾಗೆ ಕೂತಿತ್ತು. ಇನ್ನೊಬ್ಬನಾಗಿದ್ದರೆ ದೊಡ್ಡ ಸುತ್ತಿಗೆಯಿಂದ ನಾಲ್ಕು ಬಾರಿಸಿ, ಆಕ್ಸಲ್ಲಿನ ತುದಿಯ ತಿರುಪನ್ನೂ ಕೆಡಿಸಿ, ಹಬ್ಬನ್ನೂ ಸೀಳಿ, ಹೊಸ ಚಕ್ರ ತನ್ನಿ ಎನ್ನುತ್ತಿದ್ದ. ಜಡ್ಜ್ ಹಾಗೆ ಮಾಡುವವನಲ್ಲ. ಎರಡೂ ಕಡೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದ. ನಟ್ಟನ್ನು ಆಕ್ಸಲ್ಲಿನ ತುದಿಗೆ ಸಮನಾಗಿ ಮತ್ತೆ ತಿರುಗಿಸಿ ಕೂರಿಸಿದ, ಪೆಟ್ಟು ತಿರುಪಿಗೆ ಬೀಳದಿರಲೆಂದು. ಹಬ್‌ಗೆ ಸುತ್ತಲೂ ಬೆಂಕಿ ತೋರಿಸಿದ. ಆಕ್ಸಲ್ಲಿನ ತಲೆಗೆ ಸ್ಪ್ಯಾನರ್ ಹಾಕಿ, ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ, ಉಸಿರು ಬಿಗಿಹಿಡಿದು ಅಲುಗಿಸಿದ. ನಡುನಡುವೆ ಹಿತ್ತಾಳೆ ತುಂಡಿಟ್ಟು ಒಂದೊಂದೇ ಪೆಟ್ಟು. ಕೈ ಹೀಗೆ ನಾಜೂಕಾಗಿ ನಡೆಯುತ್ತಿದ್ದಾಗಲೂ ಬಾಯಿ ಅಳಿಯನ ಮಾನ ಹರಾಜು ಹಾಕುತ್ತಲೇ ಇತ್ತು. ಅಳಿಯ ಚಕ್ರವನ್ನು ಅಲುಗದಂತೆ ಹಿಡಿದುಕೊಂಡು, ತಲೆ ತಗ್ಗಿಸಿ, ಎಲ್ಲವನ್ನೂ ಕೇಳಿಸಿಕೊಂಡ.

ಕೊನೆಗೆ ಕಿರ್ರೆಂದು ಆಕ್ಸಲ್ ಹೊರಬಂತು. ಬೇರಿಂಗಿನ ಒಳಬಳೆ ಅದಕ್ಕೇ ಅಂಟಿಕೊಂಡು ಬಂತು. ಕಾದು ನೀಲಿಗಟ್ಟಿದ ಗುಂಡುಗಳು ನೆಲದ ಮೇಲೆ ಟಣಟಣ ಉದುರಿದವು.

"ನೋಡ್ರಪ್ಪಾ, ನೋಡಿ!" ಎಂದು ಜಡ್ಜ್ ಎದ್ದು ನಿಂತು ಎಲ್ಲರಿಗೂ ತೋರಿಸಿದ. ಆಮೇಲೆ ಕೂತು, ಇನ್ನೊಂದು ಬದಿಯ ಬೇರಿಂಗನ್ನು ಹೊಡೆದು ತೆಗೆಯಲು ಹಬ್‌ನೊಳಗೆ ಒಂದು ಕಂಬಿ ಇಳಿಸಿದ. ಕಂಬಿ ಎಲ್ಲೂ ತಗುಲದೆ ಸರಾಗವಾಗಿ ಆ ಬದಿಗೆ ಹೋಯಿತು.

ಹಾಗೆ ಹೋಗಬಾರದಿತ್ತು. ಎರಡು ಬೇರಿಂಗುಗಳ ನಡುವೆ ಸ್ಪೇಸರ್ ಎಂಬ ಕಬ್ಬಿಣದ ಕೊಳವೆ ಇರುತ್ತದೆ. ನಟ್ಟನ್ನು ಎಷ್ಟೇ ಬಿಗಿದರೂ ಬೇರಿಂಗುಗಳು ಒಳಕ್ಕೆ ಒತ್ತಿಕೊಳ್ಳದಂತೆ ತಡೆಯುವುದೇ ಅದರ ಕೆಲಸ. ಕಂಬಿಗೆ ಮೊದಲು ಅಡ್ಡ ಬರಬೇಕಾದದ್ದು ಅದು. ಇಲ್ಲಿ ಅದೇ ಇರಲಿಲ್ಲ.

"ಯಾವ ಪುಣ್ಯಾತ್ಮ..." ಎಂದು ಶುರು ಮಾಡಿದ ಜಡ್ಜ್ ಅಲ್ಲಿಗೇ ನಿಂತ. ಚೈನ್ ಬಿಗಿ ಮಾಡುವವನು ಹಬ್‌ಗೆ ಕೈ ಹಾಕುವುದಿಲ್ಲ. ಈ ಹಬ್ ಬಿಚ್ಚಿದ್ದು ಒಬ್ಬನೇ, ಆರು ತಿಂಗಳ ಹಿಂದೆ, ಇದೇ ಶೆಡ್ಡಿನಲ್ಲಿ, ಇದೇ ಕಲ್ಲಿನ ಮೇಲೆ ಕೂತು. ಸುತ್ತಿಗೆಗೆಂದು ಟ್ರೇಗೆ ಹೋಗಿದ್ದ ಕೈ ಅಲ್ಲೇ ಉಳಿಯಿತು. ಸುತ್ತಿಗೆಯ ಪಕ್ಕದಲ್ಲಿ ಬುಶ್ ಎಂಬ ಬಳೆಗಳನ್ನು ಹೊಡೆದು ಕೂರಿಸಲು ಅವನು ದಿನಾ ಬಳಸುವ ಪೈಪಿನ ತುಂಡು ಬಿದ್ದಿತ್ತು. ಎಲ್ಲಿಂದಲೋ ಸಿಕ್ಕ ತುಂಡು, ಅಳೆದು ಮಾಡಿಸಿದ ಹಾಗಿದೆ, ಇಂಥದ್ದು ಯಾರ ಹತ್ತಿರವೂ ಇಲ್ಲ ಎಂದು ಆರು ತಿಂಗಳಿಂದ ಟೈಲರ್ ಮುಂದೆ ಕೊಚ್ಚಿಕೊಂಡಿದ್ದ. ಈಗ ಅದನ್ನು ಎತ್ತಿ, ಯಾರಿಗೂ ಕಾಣದಂತೆ ಆಕ್ಸಲ್ಲಿಗೆ ತೂರಿಸಿದ. ಸರಿಯಾಗಿ ಕೂತಿತು.

ಆ ದಿನದ್ದೆಲ್ಲ ನೆನಪಿಗೆ ಬಂತು. ಅಂದು ಕೈ ಬೇರಿಂಗ್ ಹಾಕುತ್ತಿದ್ದಾಗ ಬಾಯಿ ಅಳಿಯನ ಯಾವುದೋ ಕೆಲಸವನ್ನು ಎತ್ತಾಡುತ್ತಿತ್ತು. ಆ ಮಾತಿನ ರುಚಿಯಲ್ಲಿ ಸ್ಪೇಸರ್ ಟ್ರೇಯಲ್ಲೇ ಉಳಿದಿತ್ತು. ನಟ್ಟು ಬಿಗಿದಾಗ ಚಕ್ರ ಬಿಗಿಯಾಯಿತು. ತುಸು ಸಡಿಲಿಸಿದ, ತಿರುಗಿತು, ಕಳಿಸಿಕೊಟ್ಟ. ಹೋದ ವಾರ ಚೈನ್ ಸರಿಮಾಡಿದ ಅಳಿಯ, ಅದಕ್ಕಾಗಿ ಸಡಿಲಿಸಿದ ನಟ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದ. ಒಳಗೆ ತಡೆಯುವ ಕೊಳವೆಯಿಲ್ಲದೆ ಬೇರಿಂಗುಗಳು ಒತ್ತಿಕೊಂಡು, ಓಡುತ್ತ ಓಡುತ್ತ ಕಾದು ಹಿಡಿದುಕೊಂಡವು. ಅವನು ಮಾಡಿದ ಅಪರಾಧ ಅಷ್ಟೇ, ಕೆಲಸವನ್ನು ಸರಿಯಾಗಿ ಮಾಡಿದ್ದು.

ಜಡ್ಜ್ ತಲೆಯೆತ್ತಿದಾಗ ಅಳಿಯ ಆಕ್ಸಲ್ಲನ್ನೇ ನೋಡುತ್ತಿದ್ದ. ಹತ್ತು ವರ್ಷ ಕೆಲಸ ಕಲಿತವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಜಡ್ಜ್ ಕಾದ. ಅವನ ಜಾಗದಲ್ಲಿ ತಾನಿದ್ದಿದ್ದರೆ ಇಷ್ಟು ಹೊತ್ತಿಗೆ ಬೀದಿಯ ತುದಿಯವರೆಗೆ ಕೇಳುವಂತೆ ಕೂಗಿರುತ್ತಿದ್ದ. ಅಳಿಯ ಬಗ್ಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದ:

"ಆ ತುಂಡು ಒಳಗೆ ಹಾಕ್ಬೇಡಿ ಮಾವ, ಬಾಯಿ ಜಜ್ಜಿಹೋಗಿದೆ. ನನ್ನ ಹತ್ರ ಹೊಸದಿದೆ, ತರ್ತೀನಿ."

ಹೋಗಿ ತಂದ. ಜನಕ್ಕೆ ಕಾಣದಿರಲೆಂದು ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅದನ್ನು ಕಂಡು ಜಡ್ಜ್‌ಗೆ ಮೈಯೆಲ್ಲ ಉರಿಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ಎಮ್ಮೆ ಎಂದವನು ತನ್ನ ಮಾನ ಮುಚ್ಚಲು ಬಟ್ಟೆ ಹುಡುಕಿ ತಂದಿದ್ದಾನೆ!

ಹೊಸ ಬೇರಿಂಗು, ಹೊಸ ಸ್ಪೇಸರ್ ಕೂತವು. ಚೈನಿನ ಬಿಗಿ ಹೊಂದಿಸುವ ಅಡ್ಜಸ್ಟರನ್ನು ಇದುವರೆಗೂ ಯಾರೂ ಮುಟ್ಟಿರಲಿಲ್ಲ. ಅಳಿಯ ಹೋದ ವಾರ ನಿಲ್ಲಿಸಿದ ಗುರುತಿಗೇ ಚಕ್ರ ವಾಪಸ್ಸು ಬಂತು, ಎರಡೂ ಕಡೆ ಒಂದೇ ಗೆರೆಗೆ. ನಟ್ಟು ಬಿಗಿದು ಜಡ್ಜ್ ನರ್ಸಮ್ಮನನ್ನು ಸೀಟಿನ ಮೇಲೆ ಕೂರಿಸಿದ, ಇಡೀ ಬೆಳಿಗ್ಗೆಯಲ್ಲಿ ಮೊದಲ ಸಲ ಚೈನಿನ ಕೆಳಗೆ ಬೆರಳಿಟ್ಟು ಎತ್ತಿದ. ಎರಡು ಬೆರಳು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ನರ್ಸಮ್ಮ ಇಳಿದು ಚೀಲದಿಂದ ಕಾಗದ ತೆಗೆದಳು. "ಏನಂತ ಬರೀಲಿ?"

"ಕೇಳೋದೇನಿದೆ, ಚೈನ್ ಬಿಗಿಯಾಗಿತ್ತು, ಅಳಿಯನ ತಪ್ಪು," ಎಂದ ಟೈಲರ್. ಆಕೆ ಬರೆಯತೊಡಗಿದಳು. ಸುಮ್ಮನಿದ್ದರಾಯಿತು, ಇನ್ನೆರಡು ಸಾಲು ಬರೆದು ಆಕೆ ಹೊರಟುಹೋಗುತ್ತಾಳೆ. ಸುಮ್ಮನಿರುವುದು ಜೀವಮಾನದಲ್ಲಿ ಒಮ್ಮೆಯೂ ಬಾರದವನಿಗೆ ಆ ಕ್ಷಣದಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು.

"ಹೊಡೆದುಹಾಕಿ ಅದನ್ನ. ತಪ್ಪು ನನ್ನದು."

ಟೈಲರ್ ಜನರ ಕಡೆ ತಿರುಗಿ, "ನೋಡಿದ್ರಾ! ಬಾಯಲ್ಲಿ ಏನೇ ಅಂದ್ರೂ ಸೋದರಮಾವನ ಕರುಳು. ಅಳಿಯನ ಅನ್ನ ಹೋಗ್ಬಾರ್ದು ಅಂತ ತನ್ನ ತಲೆ ಮೇಲೆ ಹಾಕ್ಕೋತಿದ್ದಾರೆ," ಎಂದ. ನರ್ಸಮ್ಮನ ಕಣ್ಣೂ ಒದ್ದೆಯಾಯಿತು. "ದೊಡ್ಡ ಮನಸ್ಸು ನಿಮ್ದು. ಆದ್ರೆ ಸುಳ್ಳು ಬರೆಯೋಕಾಗಲ್ಲ ನೋಡಿ," ಎಂದಳು.

ಜಡ್ಜ್‌ಗೆ ರೇಗಿತು. "ತಲೆಯಲ್ಲಿ ಏನಿಟ್ಕೊಂಡಿದ್ದೀರಿ ನೀವೆಲ್ಲ? ಕರುಳಂತೆ ಕರುಳು! ಬನ್ನಿ ಇಲ್ಲಿ ಟೈಲರೇ, ಈ ಚೈನಿಗೆ ಬೆರಳಿಡಿ. ಬಿಗಿ ಇದ್ಯಾ? ಇಲ್ಲ. ಇದು ಇವನು ಇಟ್ಟ ಅಳತೆ, ನಾನು ಮುಟ್ಟಿಲ್ಲ. ಈ ತುಂಡು ನೋಡಿ, ಆರು ತಿಂಗಳಿಂದ ಇದರಲ್ಲಿ ಬುಶ್ ಹೊಡೀತಿದ್ದೀನಿ, ನಿಮಗೇ ತೋರ್ಸಿ ಮೆರೆದಿದ್ದೀನಿ. ಇದು ಇವರ ಗಾಡಿಯ ಹಬ್‌ನೊಳಗೆ ಇರ್ಬೇಕಾದದ್ದು. ಹಾಕೋದು ಮರ್ತಿದ್ದು ನಾನು. ನಟ್ಟು ಸಡಿಲ ಬಿಟ್ಟು ಮುಚ್ಚಿ ಕಳ್ಸಿದ್ದೂ ನಾನು. ಈಗ ಬರೀರಿ."

ಟೈಲರ್ ಚೈನಿಗೆ ಬೆರಳಿಟ್ಟು ನೋಡಿದ. ಅವನಿಗೆ ನಗು ಬರಲಿಲ್ಲ. ನರ್ಸಮ್ಮ ಜಜ್ಜಿಹೋದ ಆ ತುಂಡನ್ನು ಬಲಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಪ್ಲಾಸ್ಟರ್ ಹಾಕಿದ ಎಡಗೈಯನ್ನು ನೋಡಿದಳು. ಜಡ್ಜ್ ಬೈಗುಳಕ್ಕಾಗಿ ಕಾದ. ಆಕೆ ಬೈಯಲಿಲ್ಲ. ಮೊದಲು ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಬೇರೆ ಬರೆದು, ಗಾಡಿಯ ಕೀಲಿಯನ್ನು ಅಳಿಯನ ಕಡೆ ಚಾಚಿದಳು.

"ನನಗೆ ಓಡಿಸೋಕಾಗಲ್ಲಪ್ಪ. ನೀನೇ ಮನೆ ತನಕ ಬಿಡು."

ಅಳಿಯ ಕೀಲಿ ತೆಗೆದುಕೊಂಡು, ಹತ್ತು ವರ್ಷದ ಅಭ್ಯಾಸದಂತೆ, "ಮಾವ, ತಗೊಂಡ್ ಹೋಗ್ಲಾ?" ಎಂದು ಕೇಳಿದ.

"ತಡಿ," ಎಂದ ಜಡ್ಜ್. ಸ್ಪ್ಯಾನರನ್ನು ಅವನ ಕೈಗೆ ಕೊಟ್ಟ. "ಆಕ್ಸಲ್ ನಟ್ಟು ನಾನು ಬಿಗಿದಿದ್ದು. ಸರಿಯಾಗಿದ್ಯಾ, ನೀನೊಂದ್ಸಲ ನೋಡ್ಬಿಡು."

ಅಳಿಯ ಮಂಡಿಯೂರಿ ಕೂತ. ಅವನು ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡುವಷ್ಟು ಹೊತ್ತು ಜಡ್ಜ್ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಗಾಡಿ ರಿಪೇರಿಗೆ ತಂದ ಯಾರೋ ಗಿರಾಕಿಯ ಹಾಗೆ, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದ.