ಜಜಲ ಎಂಬ ಹೆಸರು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಓದು ನಿಲ್ಲಿಸುತ್ತಿದ್ದೆ. ಸುಳ್ಳಲ್ಲ. ದೈವಕ್ಕೆ, ನಾಗನಿಗೆ ಕೈ ಮುಗಿಯುವುದು ಬೇರೆ, ಅದು ಹಿರಿಯರಿಂದ ಬಂದ ಕ್ರಮ. ಆದರೆ ಸತ್ತವರು ಕಂಡರು, ಕರೆದರು, ಏನೋ ಕಳಿಸಿದರು ಎಂದು ಯಾರಾದರೂ ಶುರು ಮಾಡಿದರೆ ಆ ಕಾಲದಲ್ಲಿ ನನಗೆ ತಡೆಯಲಾಗದ ನಗು ಬರುತ್ತಿತ್ತು. ಟ್ರೈನಿಂಗ್ ಮುಗಿಸಿ ಹೊಸದಾಗಿ ಮಾಷ್ಟ್ರಾದವನ ಜಂಬ ಎಂದರೂ ಸರಿಯೇ. ಈಗ ಆ ನಗು ಕಡಿಮೆಯಾಗಿದೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡುರಾತ್ರಿ, ಸುಡುಗಾಡು, ಬಿಳಿ ಸೀರೆ ಯಾವುದೂ ಇದರಲ್ಲಿ ಇಲ್ಲ. ನಡೆದದ್ದು ಹಾಡುಹಗಲಲ್ಲಿ, ಐದನೇ ಕ್ಲಾಸಿನ ಚರಿತ್ರೆಯ ಪಾಠದಲ್ಲಿ.

ಆದರೆ ಅದಕ್ಕೆ ಮೊದಲು ನನ್ನ ಅಮ್ಮನ ವಿಷಯ ಹೇಳಬೇಕು. ಇಲ್ಲದಿದ್ದರೆ ಉಳಿದದ್ದೆಲ್ಲ ನಿಮಗೆ ಬರೀ ಒಂದು ಕಲ್ಲಿನ ಚೂರಿನ ಕತೆಯಾಗುತ್ತದೆ.

ನಮ್ಮದು ಕಾಪು. ಅಣ್ಣ, ಅತ್ತಿಗೆ, ಅಮ್ಮ ಅಲ್ಲಿದ್ದರು, ಅಪ್ಪ ತೀರಿಕೊಂಡಿದ್ದರು. ನನಗೊಬ್ಬಳು ತಂಗಿ ಇದ್ದಳು, ಜಲಜ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂದು ಹೋಗಿಬಿಟ್ಟಳು. ಇನ್ನೂ ಶಾಲೆಗೆ ಸೇರಿಸಿರಲಿಲ್ಲ. ಚಿಕ್ಕ ಮಕ್ಕಳನ್ನು ಸುಡುವ ಕ್ರಮ ಇಲ್ಲವಲ್ಲ, ಮನೆಯ ಹಿಂದಿನ ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಆ ದಿನದಿಂದ ಅಮ್ಮ ಜಲಜನ ಹೆಸರು ಎತ್ತಲಿಲ್ಲ. ಅಳಲಿಲ್ಲ, ಊಟ ಬಿಡಲಿಲ್ಲ, ಮೀನು ಕೊಳ್ಳುವಾಗ ಚೌಕಾಸಿ ಮಾಡುವುದನ್ನೂ ಬಿಡಲಿಲ್ಲ. ಹೆಸರು ಮಾತ್ರ ಇಲ್ಲ. ನಾವು ಯಾರಾದರೂ ಆ ಹೆಸರು ಹೇಳಿದರೆ ಎದ್ದು ಬಾವಿಕಟ್ಟೆಯ ಕಡೆ ನಡೆದುಬಿಡುತ್ತಿದ್ದಳು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ತೀರಿಹೋದವರಿಗೆ ಬಡಿಸುವ ಪದ್ಧತಿ ನಮ್ಮಲ್ಲಿ ಉಂಟು. ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ನಾವು ಹೊರಗೆ ಕೂರುವುದು. ಅಪ್ಪನಿಗೆ, ಅಜ್ಜನಿಗೆ ಎಲೆ ಬೀಳುತ್ತಿತ್ತು. ಜಲಜನಿಗೆ ಬೀಳುತ್ತಿರಲಿಲ್ಲ. ಮಕ್ಕಳನ್ನಾದರೆ ಹೆತ್ತವಳೇ ಕರೆಯಬೇಕು ಎನ್ನುವುದು ಮನೆಯ ಕ್ರಮ. ಅಮ್ಮ ಕರೆಯುತ್ತಿರಲಿಲ್ಲ. "ಎಷ್ಟು ವರ್ಷ ಆ ಮಗುವನ್ನು ಹಸಿವಿನಲ್ಲಿ ಕೂರಿಸ್ತೀಯಮ್ಮ?" ಎಂದು ಅಣ್ಣ ಪ್ರತಿ ವರ್ಷ ರೇಗುತ್ತಿದ್ದ. ಸತ್ತವರಿಗೆ ಹಸಿವೆಯೇ ಎಂದು ನಾನು ಅಣ್ಣನ ಮೇಲೆ ರೇಗುತ್ತಿದ್ದೆ. ಅಮ್ಮ ಅಷ್ಟರಲ್ಲಿ ಬಾವಿಕಟ್ಟೆ ಸೇರಿರುತ್ತಿದ್ದಳು. ಒಳಗೊಳಗೆ ನನಗಿದ್ದ ಹೆದರಿಕೆ ಬೇರೆ. ಆ ಹೆಸರನ್ನು ಗಂಟಲಲ್ಲೇ ಇಟ್ಟುಕೊಂಡು ಇವಳೂ ಹೋಗಿಬಿಡುತ್ತಾಳೋ ಎಂದು.

ಇರಲಿ. ನಾನು ಮಾಷ್ಟ್ರಾಗಿ ಸೇರಿದ್ದು ಅಲೆವೂರಿನ ಕಡೆಯ ಒಂದು ಹೆಂಚಿನ ಮಾಡಿನ ಶಾಲೆಗೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ವಾರವಿಡೀ ಅಲ್ಲೇ ಒಂದು ಕೋಣೆಯಲ್ಲಿ ಇದ್ದು, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಗದ್ದೆಯ ಹುಣಿಯ ಮೇಲೆ ಕಟಪಾಡಿಗೆ ನಡೆದು ಬಸ್ಸು ಹಿಡಿದು ಕಾಪುವಿಗೆ ಬರುತ್ತಿದ್ದೆ. ಚರಿತ್ರೆ ಎಂದರೆ ನನಗೆ ಪ್ರಾಣ. ಈಜಿಪ್ಟು, ಬ್ಯಾಬಿಲೋನು, ಮೊಹೆಂಜೊದಾರೊ ಎಲ್ಲವನ್ನೂ ನಾನೇ ಹೋಗಿ ನೋಡಿಕೊಂಡು ಬಂದವನ ಹಾಗೆ ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಶಾಲೆಯಲ್ಲಿದ್ದದ್ದು ಒಂದೇ ಒಂದು ಪ್ರಪಂಚದ ನಕಾಶೆ, ಅದರಲ್ಲಿ ಆಫ್ರಿಕಾದ ಅರ್ಧವನ್ನು ಗೆದ್ದಲು ತಿಂದಿತ್ತು. ನೈಲ್ ನದಿ ಎಲ್ಲಿ ಎಂದು ಮಕ್ಕಳು ಕೇಳಿದರೆ ಆ ತೂತಿನ ಅಂಚನ್ನು ತೋರಿಸಬೇಕು.

ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಮಾತಾಡುವವರು. ಕನ್ನಡ ಅವರಿಗೆ ಶಾಲೆಯ ಭಾಷೆ, ಪುಸ್ತಕದ ಭಾಷೆ. ಒಮ್ಮೆ ಪರೀಕ್ಷೆಯಲ್ಲಿ ಸಿಂಧೂ ನದಿಯ ನಾಗರಿಕತೆಯ ಬಗ್ಗೆ ಬರೆಯಿರಿ ಎಂದು ಕೇಳಿದ್ದೆ. ಒಬ್ಬ ಪುಣ್ಯಾತ್ಮ ಬರೆದಿದ್ದ: "ಸಿಂಧೂ ನದಿಯಲ್ಲಿ ಒಂದು ನಾಗ ಇತ್ತು. ಅದಕ್ಕೆ ಇಟ್ಟಿಗೆಯ ಮನೆ ಇತ್ತು. ಅದು ದಿನಾಲೂ ದೊಡ್ಡ ಕೊಳದಲ್ಲಿ ಸ್ನಾನ ಮಾಡುತ್ತಿತ್ತು." ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ವಿಚಾರಿಸಿದರೆ ಇಡೀ ಕ್ಲಾಸೇ ಹಾಗೆ ತಿಳಿದಿತ್ತು ಮಾರಾಯ್ರೇ! ನಾಗರಿಕತೆ ಎಂದರೆ ನಾಗರ ಕತೆ. ಸಿಂಧೂ ನದಿಯ ನಾಗರ ಕತೆ, ನೈಲ್ ನದಿಯ ನಾಗರ ಕತೆ. ಮಾಷ್ಟ್ರು ವಾರಕ್ಕೊಂದು ನದಿಯ ಹಾವಿನ ಕತೆ ಹೇಳುತ್ತಾರೆ, ಆದರೆ ಯಾಕೋ ಹಾವು ಮಾತ್ರ ಬರುವುದೇ ಇಲ್ಲ ಎಂದು ಪಾಪ, ಅವರು ಕಾಯುತ್ತಾ ಕೂತಿದ್ದರು.

ನಾಗರಿಕತೆ ಎಂದರೇನು ಎಂದು ಎಷ್ಟು ಬಾಯಿಮಾತಿನಲ್ಲಿ ಹೇಳಿದರೂ ಪ್ರಯೋಜನ ಕಾಣಲಿಲ್ಲ. ಅಗೆದೇ ತೋರಿಸುವ ಎಂದುಕೊಂಡೆ. ಶಾಲೆಯ ಹಿಂದೆ, ಗೋಡೆ ಕಟ್ಟಲೆಂದು ತರಿಸಿ ಹಾಗೇ ಬಿಟ್ಟಿದ್ದ ಹೊಯಿಗೆಯ ರಾಶಿ ಇತ್ತು. ಹೊಳೆಯ ಮರಳು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅದರಲ್ಲಿ ಒಡೆದ ಮಡಕೆ, ಬಳೆ ಚೂರು, ಒಂದು ಸುಟ್ಟ ಇಟ್ಟಿಗೆ, ಗೋಲಿಗಳು, ಮೀನು ಕೊಯ್ಯುವ ಮೆಟ್ಟುಕತ್ತಿಯ ಒಂದು ತುಕ್ಕು ಹಿಡಿದ ತುಂಡು ಇಷ್ಟನ್ನು ಹೂತಿಟ್ಟೆ. ಮರುದಿನ, ಶುಕ್ರವಾರ ಮಧ್ಯಾಹ್ನ, ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಇದು ಮಣ್ಣಿನಡಿ ಹೋದ ಊರು. ಇಲ್ಲಿದ್ದವರು ಎಂತ ತಿನ್ನುತ್ತಿದ್ದರು, ಎಂತ ಆಡುತ್ತಿದ್ದರು, ಹುಡುಕಿ ಹೇಳಿ" ಎಂದೆ. ಹೆಡ್‌ಮಾಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಂತ ಮಾಷ್ಟ್ರೇ ಇದು, ಪಾಠವಾ ತೋಟದ ಕೆಲಸವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಕೈಯಲ್ಲಿ ತೆಂಗಿನ ಗೆರಟೆ ಹಿಡಿದು ಮಕ್ಕಳು ಮರಳು ಕೆದಕಿದ್ದೇ ಕೆದಕಿದ್ದು. ಬಳೆ ಚೂರು ಸಿಕ್ಕಿದಾಗ, ಇಲ್ಲಿ ಮದುವೆ ಆಗಿತ್ತು ಎಂದು ಒಂದು ಗುಂಪು. ಅಲ್ಲ, ಗಂಡ ಹೆಂಡತಿ ಜಗಳ ಮಾಡಿ ಒಡೆದದ್ದು ಎಂದು ಇನ್ನೊಂದು ಗುಂಪು. ಮೆಟ್ಟುಕತ್ತಿ ಸಿಕ್ಕಿತು, ಹಾಗಾದರೆ ಇವರು ಮೀನು ತಿನ್ನುವವರೇ ಎಂದು ತೀರ್ಮಾನವಾಯಿತು. ನಾನು ಹೂತಿಟ್ಟದ್ದೆಲ್ಲ ಒಂದೊಂದಾಗಿ ಮೇಲೆ ಬಂತು. ಸಾಕು, ಕೈ ತೊಳೆಯಿರಿ ಎನ್ನುವಷ್ಟರಲ್ಲಿ ಲೂಸಿ ಎಂಬ ಹುಡುಗಿ ಎದ್ದು ನಿಂತಳು. ಕೊಂಕಣಿ ಮನೆಯ ಹುಡುಗಿ, ಓದುವುದರಲ್ಲಿ ಎಲ್ಲರಿಗಿಂತ ಚುರುಕು.

"ಮಾಷ್ಟ್ರೇ, ಇದರಲ್ಲಿ ಬರೆದದ್ದು ಉಂಟು. ಜ... ಜ... ಲ. ಜಜಲ ಅಂದ್ರೆ ಎಂತ ಮಾಷ್ಟ್ರೇ? ರಾಜನ ಹೆಸರಾ?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ರಾಜ ಅಲ್ಲ, ರಾಣಿ ಎಂದು ಯಾರೋ ಕೂಗಿದರು. ನಾನು ಅದನ್ನು ಕೈಗೆ ತೆಗೆದುಕೊಂಡೆ. ಸ್ಲೇಟಿನ ಒಂದು ಮೂಲೆಯ ಚೂರು. ಮೇಲ್ಗಡೆ ಒಂದು ಒರಟು ತೂತು, ತೂತಿನ ಬದಿ ಸ್ವಲ್ಪ ಒಡೆದಿದೆ. ನಡುವೆ ಮೊಳೆಯಿಂದ ಗೀರಿದ ಮೂರು ಅಕ್ಷರ.

ಆ ಅಕ್ಷರ ಗೀರಿದವನು ನಾನು.

ನಾಲ್ಕನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಬಿದ್ದು ಒಡೆದಿತ್ತು. ತನಗೂ ಸ್ಲೇಟು ಬೇಕೆಂದು ಜಲಜ ಹಟ ಹಿಡಿದಿದ್ದಳು. ಮೂಲೆಯ ಚೂರಿಗೆ ಮೊಳೆಯಲ್ಲಿ ತೂತು ಕೊರೆದು, ನಾರು ಪೋಣಿಸಿ, ಅವಳ ಹೆಸರು ಗೀರಿ ಕೊಟ್ಟೆ. ಗಡಿಬಿಡಿಯಲ್ಲಿ ಜಲಜ ಎಂದು ಬರೆಯುವ ಬದಲು ಜಜಲ ಎಂದು ಬರೆದುಬಿಟ್ಟಿದ್ದೆ. ಕಡ್ಡಿಯಲ್ಲಿ ಬರೆದದ್ದಾದರೆ ಉಗುಳು ಹಚ್ಚಿ ಒರೆಸಬಹುದು, ಗೀರಿದ್ದನ್ನು ಒರೆಸುವುದು ಹೇಗೆ? ಅವಳಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಗಲಾಟೆಯೂ ಆಗಲಿಲ್ಲ. ಅದನ್ನು ಕೊರಳಿಗೆ ಹಾಕಿಕೊಂಡು ಊರೆಲ್ಲ ತಿರುಗಿದಳು. ಅವಳನ್ನು ಮಣ್ಣಿಗಿಡುವಾಗ ಅಮ್ಮ ಆ ಚೂರನ್ನು ಅವಳ ಜೊತೆಯಲ್ಲೇ ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ನೀವು ಹೇಳುವುದು ನನಗೆ ಗೊತ್ತು. ಶಾಲೆಯ ಅಂಗಳದಲ್ಲಿ ಸ್ಲೇಟಿನ ಚೂರಿಗೆ ಬರಗಾಲವೇ? ಬೇರೆ ಯಾವುದೋ ಮಗು ಗೀರಿರಬಹುದು. ನಾನೂ ಹಾಗೇ ಅಂದುಕೊಂಡೆ, ಜೋರಾಗಿ ಅಂದುಕೊಂಡೆ. ಹಿಂದೆ ಇಲ್ಲಿ ಜಲಜ ಎಂಬ ಹುಡುಗಿ ಓದಿದ್ದಳೇ ಎಂದು ಹೆಡ್‌ಮಾಷ್ಟ್ರಲ್ಲಿ ಕೇಳಿದೆ. "ಇರಬಹುದು, ಇಲ್ಲದೆಯೂ ಇರಬಹುದು. ಯಾಕೆ?" ಎಂದರು. ಸುಮ್ಮನೆ ಕೇಳಿದೆ ಎಂದು ಹೊರಗೆ ಬಂದೆ. ಮರಳು ಕಾಪುವಿನ ಕಡೆಯಿಂದ ಬಂದದ್ದಾಗಿದ್ದರೆ ಏನಾದರೂ ಒಂದು ಹೇಳಬಹುದಿತ್ತು. ಅದೂ ಅಲ್ಲ. ಚೂರನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.

ಶನಿವಾರ ಮನೆಗೆ ಹೋಗಿ ಅತ್ತಿಗೆಗೆ ಮಾತ್ರ ತೋರಿಸಿ ನಡೆದದ್ದು ಹೇಳಿದೆ. ಅವರು ಮುಖ ಸಪ್ಪಗೆ ಮಾಡಿ, "ಅತ್ತೆಗೆ ತೋರಿಸಬೇಡಿ ಮಾರಾಯ್ರೇ. ಇಷ್ಟು ವರ್ಷ ಹೇಗೋ ತಡೆದುಕೊಂಡು ಬಂದಿದ್ದಾರೆ, ಈಗ ಎಂತಾದರೂ ಆದರೆ?" ಎಂದರು. ನನಗೂ ಅದೇ ದಿಗಿಲು. ಭಾನುವಾರ ಸಂಜೆ ಹಾಗೇ ತಿರುಗಿ ತೆಗೆದುಕೊಂಡು ಹೋಗುವುದೆಂದು ನಿರ್ಧರಿಸಿದೆ. ಆದರೆ ಎಂಥ ಬುದ್ಧಿವಂತ ನೋಡಿ ನಾನು, ಬೆಳಿಗ್ಗೆ ಅಂಗಿಯನ್ನು ಒಗೆಯಲು ಹಾಕುವಾಗ ಕಿಸೆ ನೋಡಲೇ ಇಲ್ಲ.

ಅಮ್ಮ ಬಾವಿಕಟ್ಟೆಯಿಂದ ಒದ್ದೆ ಕೈಯಲ್ಲೇ ಬಂದಳು. ಚೂರು ಅಂಗೈಯಲ್ಲಿತ್ತು. ಅವಳಿಗೆ ಓದು ಬರುವುದಿಲ್ಲ, ಆದರೆ ಹೆಬ್ಬೆರಳು ತೂತಿನ ಒಡೆದ ಬದಿಯನ್ನು ಸವರುತ್ತಲೇ ಇತ್ತು.

"ಇದನ್ನು ನಾನು ಅದರ ಕೈಯಲ್ಲಿ ಇಟ್ಟಿದ್ದೆ," ಎಂದಳು. "ನಿನಗೆ ಎಲ್ಲಿ ಸಿಕ್ಕಿತು?"

"ಶಾಲೆಯಲ್ಲಿ ಅಮ್ಮ. ಮಕ್ಕಳು ಮರಳು ಅಗೆಯುವಾಗ."

"ಮಕ್ಕಳ ಒಟ್ಟಿಗೆ ಇತ್ತಾ?"

"ಹೌದು."

ಅವಳು ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನನಗೆ ತಡೆಯಲಾಗಲಿಲ್ಲ. ಒಂದೇ ಒಂದು ದಾರಿ ಇತ್ತು. ತೋಟದ ಮೂಲೆ ಅಗೆದರೆ ಅಲ್ಲಿ ಸ್ಲೇಟಿನ ಚೂರು ಉಂಟೋ ಇಲ್ಲವೋ ತಿಳಿದುಹೋಗುತ್ತದೆ. ಇದ್ದರೆ ಇದು ಯಾರದೋ ಚೂರು, ಕತೆ ಮುಗಿಯಿತು. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡೆ. ಅಮ್ಮ ಬಂದು ಅದರ ಹಿಡಿಯ ಮೇಲೆ ಕೈಯಿಟ್ಟಳು. "ಬೇಡ," ಎಂದಳು. "ಮಲಗಿದ ಮಗುವನ್ನು ಎಬ್ಬಿಸುವುದು ಬೇಡ." ನಾನು ಹಾರೆ ಕೆಳಗಿಟ್ಟೆ.

ಆಮೇಲೆ ಅವಳು ಜಗಲಿಯಲ್ಲಿ ಕೂತು ನನ್ನನ್ನೂ ಪಕ್ಕ ಕೂರಿಸಿಕೊಂಡಳು. ಚೂರನ್ನು ಸೆರಗಿನಲ್ಲಿ ಒರೆಸಿ ಮೊಣಕಾಲ ಮೇಲೆ ಇಟ್ಟುಕೊಂಡು, "ಇದರಲ್ಲಿ ಎಂತ ಬರೆದದ್ದು? ಓದು," ಎಂದಳು.

ನಾನು ಓದಿದೆ. "ಜಲಜ."

ಅಮ್ಮ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ನನ್ನ ಕ್ಲಾಸಿನ ಸಣ್ಣ ಮಕ್ಕಳ ಹಾಗೆ ಒಂದೊಂದೇ ಅಕ್ಷರಕ್ಕೆ ಬೆರಳು ಸರಿಸುತ್ತಾ, "ಜ... ಲ... ಜ..." ಎಂದಳು. ಬೆರಳು ಎರಡನೆಯ ಜ ಮೇಲಿದ್ದಾಗ ಲ ಎನ್ನುತ್ತಿದ್ದಳು, ಲ ಮೇಲಿದ್ದಾಗ ಜ. ನಾನು ತಿದ್ದಲಿಲ್ಲ. ಅಷ್ಟು ವರ್ಷದ ಮೇಲೆ ಆ ಹೆಸರನ್ನು ಅವಳ ಬಾಯಿಂದ ಕೇಳಿ ನನಗೆ ಅಳು ಬಂದುಬಿಟ್ಟಿತು. ಅತ್ತಿಗೆ ಒಳಗಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತರು. ಅಮ್ಮ ಇನ್ನೊಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಜೋರಾಗಿ ಅತ್ತಳು, ಜಲಜ ಹೋದ ದಿನ ಅಳಬೇಕಾಗಿದ್ದದ್ದನ್ನೆಲ್ಲ ಅತ್ತಳು.

ಇದು ಹೇಗಾಯಿತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮ ಇರುವವರೆಗೆ ಆ ಮೂಲೆಗೆ ಯಾರೂ ಹಾರೆ ಹಾಕಲಿಲ್ಲ, ಆಮೇಲೆ ನನಗೆ ಮನಸ್ಸು ಬರಲಿಲ್ಲ. ಕಾಕತಾಳೀಯ ಎಂದು ಕೆಲವು ದಿನ ಅನ್ನಿಸುತ್ತದೆ. ಬೇರೆ ದಿನಗಳಲ್ಲಿ ಆ ತೂತಿನ ಒಡೆದ ಬದಿ ಕಣ್ಣ ಮುಂದೆ ಬರುತ್ತದೆ. ಹೀಗೆ ಎರಡೂ ಕಡೆ ಓಲಾಡುತ್ತಾ ಮುದುಕನಾದೆ.

ಆ ವರ್ಷದ ಆಟಿಯಲ್ಲಿ ಅಮ್ಮ ತಾನೇ ಹೋಗಿ ಒಂದು ಎಳೆ ಬಾಳೆಲೆ ಕೊಯ್ದು ತಂದಳು. ಕೆಸುವಿನ ಎಲೆಯ ಪತ್ರೊಡೆ, ಬೆಲ್ಲ ಹಾಕಿದ ಪಾಯಸ ಬಡಿಸಿ, ಹೆಸರು ಹಿಡಿದು ಗಟ್ಟಿಯಾಗಿ ಕರೆದಳು. ಬಾಗಿಲು ಎಳೆದು ಎಲ್ಲರೂ ಜಗಲಿಗೆ ಬಂದು ಕೂತೆವು. ಹೊರಗೆ ಮಳೆ ಸುರಿಯುತ್ತಿತ್ತು. ನಗುತ್ತಿದ್ದ ನಾನು ಆ ದಿನ ಬಾಗಿಲ ಕಡೆಗೇ ಕಿವಿಕೊಟ್ಟು ಕೂತಿದ್ದೆ. ಮಳೆಯ ಸದ್ದಿನಲ್ಲಿ ಏನು ಕೇಳುತ್ತದೆ? ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಬಾಗಿಲು ತೆಗೆಯಲು ಎದ್ದ. ಅಮ್ಮ ಅವನ ಕೈ ಹಿಡಿದು ಕೂರಿಸಿದಳು.

"ಈಗಲೇ ತೆಗೆಯಬೇಡ," ಎಂದಳು. "ಅದು ಉಣ್ಣುವುದು ಭಾರೀ ನಿಧಾನ."