ಅಮ್ಮ ಇಲ್ಲ

ಮಾಲಾ ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ಜುಲೈನಲ್ಲಿ ನಾಲ್ಕು ದಿನ ಅವಳು ಅಮೆರಿಕದ ಒಂದು ಊರಿನವರ ಪಾಲಿಗೆ ಸತ್ತಿದ್ದಳು. ಆ ನಾಲ್ಕು ದಿನವೂ ಅವಳು ಶಿಡ್ಲಘಟ್ಟದ ತನ್ನ ಮನೆಯಲ್ಲಿ ನಾಲ್ಕೂವರೆಗೆ ಎದ್ದು, ಅನ್ನ ಸಾರು ಮಾಡಿ, ಮಗಳಿಗೆ ಎರಡು ಜಡೆ ಹೆಣೆದು, ಏಳಕ್ಕೆಲ್ಲ ಫಿಲೇಚರಿನಲ್ಲಿದ್ದಳು. ಫಿಲೇಚರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಬಿಸಿನೀರಿನಲ್ಲಿ ಬೆರಳದ್ದಿ ಎಳೆಯ ತುದಿ ಹುಡುಕುವುದು ಅವಳ ಕೆಲಸ. ಸಂಜೆ ಹೊತ್ತಿಗೆ ಅವಳ ಬೆರಳುಗಳು ಬೆಳ್ಳಗೆ ಊದಿಕೊಂಡಿರುತ್ತವೆ, ಸೀರೆಯಲ್ಲಿ ಬೆಂದ ಹುಳುವಿನ ವಾಸನೆ ಇರುತ್ತದೆ. ಸತ್ತವರು ಇಷ್ಟೆಲ್ಲ ಮಾಡುವುದಿಲ್ಲ.

ಸ್ಕಂದಗಿರಿ ಬೆಟ್ಟದ ಬುಡದ ಕಳವಾರದವಳು ಅವಳು. ಹುಡುಗಿಯಾಗಿದ್ದಾಗ ಒಂದು ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದಳಂತೆ. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗನೊಬ್ಬ ಫೋಟೊ ತೆಗೆದ. ಇವಳು ಬಕೆಟ್ ಹಿಡಿದೇ ಅವನ ಹಿಂದೆ ಹೋಗಿ, "ತಲೆ ಬಾಚಿಲ್ಲ, ಅಳಿಸು" ಅಂತ ಅಳಿಸಿಸಿ ಬಂದಳು. ಮಾಲಾ ಅಂದರೆ ಹಾಗೆ. ಗಂಡ ಕೆಂಪರಾಜು ಚಿಂತಾಮಣಿ ಮಾರ್ಕೆಟ್ಟಿಗೆ ಟೊಮ್ಯಾಟೊ ಟೆಂಪೊ ಓಡಿಸುತ್ತಾನೆ. ಒಬ್ಬಳೇ ಮಗಳು ಚೈತನ್ಯ, ಆರು ವರ್ಷ. ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ನನ್ನ ಟ್ಯೂಷನ್ನಿನಲ್ಲಿ ಇರುತ್ತಾಳೆ.

ನಾನು ಎಸ್ತರ್ ರತ್ನಮ್ಮ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಕ್ರೈಸ್ತ ಸಭೆ ಚಿಕ್ಕದು. ಚರ್ಚಿನ ಪಕ್ಕದ ಹಾಲಿನಲ್ಲಿ ಫಿಲೇಚರ್ ಕೆಲಸದವರ ಮಕ್ಕಳಿಗೆ ಟ್ಯೂಷನ್ ನಡೆಸುತ್ತೇನೆ, ಯಾವ ಜಾತಿ ಮತ ಅಂತ ಕೇಳುವುದಿಲ್ಲ.

ಆ ಜುಲೈನಲ್ಲಿ ಹೆದರ್ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ. ಅಮೆರಿಕದ ಅವಳ ಊರಿನ ಚರ್ಚಿನವರು ಆರು ವಾರದ ಸೇವೆಗೆ ಅಂತ ಕಳಿಸಿದ್ದರು, ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ಹೆಸರು ಕೇಳಿ ನಮ್ಮ ಅಡುಗೆಯ ರಾಮಲಕ್ಷ್ಮಮ್ಮ ಬಿದ್ದು ಬಿದ್ದು ನಕ್ಕಳು. "ಹೆದರ್ ಅಂದ್ರೆ ಯಾರಿಗ್ ಹೆದರ್ತಾಳಂತೆ?" ಅಂದಳು. ಆವತ್ತಿಂದ ಆ ಹುಡುಗಿ ಎಲ್ಲರಿಗೂ ಹೆದರಮ್ಮ ಆದಳು. ಮುದ್ದೆಯನ್ನು ಚೂಯಿಂಗ್ ಗಮ್ ಹಾಗೆ ಅಗಿದಳು, ಹೊಟ್ಟೆ ಕೆಡಿಸಿಕೊಂಡಳು, ಎರಡನೇ ದಿನ ಫೋನಿನಲ್ಲಿ ಅವಳಮ್ಮನ ಮುಖ ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಯ್ಯೋ ಪಾಪ ಅನ್ನಿಸಿತು. ನಿಜ ಹೇಳುತ್ತೇನೆ, ಹುಡುಗಿ ಕೆಟ್ಟವಳಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು.

ಫೋನಿನ ಆ್ಯಪಿನಿಂದ ಅವಳು ಕಲಿತಿದ್ದ ಮೊದಲ ಕನ್ನಡ ಪದ ಅಮ್ಮ. ಆ ಒಂದು ಪದ ಇಟ್ಟುಕೊಂಡು ಟ್ಯೂಷನ್ ಹಾಲಿನಲ್ಲಿ ಕೂತಳು. ಚೈತನ್ಯ ನನ್ನನ್ನು ಟೀಚರಮ್ಮ ಅನ್ನುತ್ತಾಳೆ. ಅಡುಗೆಯವಳನ್ನು ರಾಮಲಕ್ಷ್ಮಮ್ಮ ಅನ್ನುತ್ತಾಳೆ. ಹಾಲಿನ ಎದುರು ಮನೆಯ ತೆಲುಗು ಅಜ್ಜಿಯನ್ನು ಬೀದಿಗೆ ಬೀದಿಯೇ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಅನ್ನುತ್ತದೆ, ಇವಳೂ ಅನ್ನುತ್ತಾಳೆ. ನಾವೆಲ್ಲ ತಿರುಗಿ ಆ ಮಗುವನ್ನೇ "ಬಾಮ್ಮ, ತಿನ್ನಮ್ಮ, ಬರಿಯಮ್ಮ" ಅನ್ನುತ್ತೇವೆ. ನಮ್ಮ ಕಡೆ ಆರು ವರ್ಷದವಳೂ ಅಮ್ಮ, ಅರವತ್ತರವಳೂ ಅಮ್ಮ. ಹೆದರ್ ಒಂದು ಮೂಲೆಯಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡಳು.

ಐದನೇ ದಿನ ಅವಳೇ ಮಗುವನ್ನು ಕೇಳಿದಳು: "ಅಮ್ಮ ಎಲ್ಲಿ?" ಚೈತನ್ಯ ಬಾಗಿಲ ಕಡೆ ನೋಡಿ, "ಅಮ್ಮ ಇಲ್ಲ" ಅಂದಳು. ಫಿಲೇಚರಿಂದ ಇನ್ನೂ ಬಂದಿಲ್ಲ ಅಂತ ಅರ್ಥ. ಆ ಮಗು ಬೇರೆ ಏನು ಹೇಳಬೇಕಿತ್ತು?

ಹೆದರ್ ಎದ್ದು ಬಂದು ನನ್ನನ್ನು ಕೇಳಿದಳು, "ಇಲ್ಲ" ಅಂದರೇನು ಅಂತ. ನಾನು ಕಾಪಿ ಪುಸ್ತಕ ತಿದ್ದುತ್ತಿದ್ದೆ. ತಲೆ ಎತ್ತದೆ, "ನೋ ಅಂತ, ನಾಟ್ ದೇರ್ ಅಂತ" ಅಂದೆ. ಯಾರು ಹೇಳಿದರು, ಯಾಕೆ ಹೇಳಿದರು ಅಂತ ನಾನು ಒಂದು ಮಾತು ಕೇಳಲಿಲ್ಲ. ವಾಕ್ಯ ನೋಡದೆ ಪದಕ್ಕೆ ಅರ್ಥ ಬರೆಯಬೇಡಿ ಅಂತ ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ ನನ್ನ ಕಿವಿಯನ್ನು ಆವತ್ತು ಯಾರಾದರೂ ಹಿಂಡಬೇಕಿತ್ತು.

ಅದೇ ಸಂಜೆ ಹೆದರ್ ತನ್ನ ಊರಿಗೆ ಒಂದು ಪತ್ರ ಬರೆದು ಅವರ ಚರ್ಚಿನ ಫೇಸ್‌ಬುಕ್ ಪುಟಕ್ಕೆ ಹಾಕಿದಳು. ಚೈತನ್ಯಳ ದೊಡ್ಡ ಫೋಟೊ, ಕೆಳಗೆ ನಾಲ್ಕು ಸಾಲು: ಈ ಅನಾಥ ಮಗುವಿಗೆ ತಾಯಿ ಇಲ್ಲ. ಸಿಕ್ಕ ಹೆಂಗಸರನ್ನೆಲ್ಲ ಅಮ್ಮ ಅಮ್ಮ ಎಂದು ಕರೆಯುತ್ತಾಳೆ. ತಾಯಿ ಪ್ರೀತಿಗಾಗಿ ಹಂಬಲಿಸುವ ಇವಳಿಗಾಗಿ ಪ್ರಾರ್ಥಿಸಿ.

ಆ ಫೋಟೊವನ್ನು ನೀವು ನೋಡಬೇಕಿತ್ತು. ನಡುವೆ ನೆಟ್ಟಗೆ ಬೈತಲೆ, ಎರಡು ಬಿಗಿ ಜಡೆ, ಮಡಚಿ ಕಟ್ಟಿದ ಕೆಂಪು ರಿಬ್ಬನ್, ಕಿವಿಯ ಪಕ್ಕ ಕನಕಾಂಬರ, ದೃಷ್ಟಿಯಾಗದಿರಲಿ ಅಂತ ಕೆನ್ನೆಗೊಂದು ಕಪ್ಪು ಚುಕ್ಕಿ. ಇದನ್ನೆಲ್ಲ ಗಾಳಿ ಬಂದು ಮಾಡಿತೇ? ತಾನು ಅಮ್ಮನಿಗಾಗಿ ಅತ್ತ ಹುಡುಗಿಗೆ ಆ ಜಡೆಯಲ್ಲಿ ಒಬ್ಬ ಅಮ್ಮ ಕಾಣಲಿಲ್ಲವೇ?

ನಮ್ಮ ಪಾಸ್ಟರ್ ಅಯ್ಯನವರು ಆ ರಾತ್ರಿಯೇ ಅದನ್ನು ಓದಿದರು. ಅವರಿಗೆ ಮಾಲಾ ಗೊತ್ತು, ಕ್ರಿಸ್‌ಮಸ್ಸಿಗೆ ಅವಳ ಕೈಗೇ ಕೇಕ್ ಕೊಟ್ಟವರು. ಆದರೂ ಆ ಪತ್ರಕ್ಕೆ ಕೈಮುಗಿಯುವ ಚಿತ್ರ ಅಂಟಿಸಿ ಮಕ್ಕಳ ಮನೆಯವರೆಲ್ಲ ಇರುವ ಟ್ಯೂಷನ್ನಿನ ವಾಟ್ಸಾಪ್ ಗ್ರೂಪಿಗೇ ಕಳಿಸಿದರು. ಇಂಗ್ಲಿಷ್ ಪತ್ರ, ಇಲ್ಲಿ ಯಾರು ಓದುತ್ತಾರೆ ಅಂತ ಧೈರ್ಯ ಇರಬೇಕು. ಮಾಲಾಳ ಬೀದಿಯ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಆಗಲೇ ಓದಿದಳು. ಓದಿ ಚೈತನ್ಯಳಿಗೆ, "ನಿಮ್ಮಮ್ಮ ಸತ್ತೋದ್ಲಂತೆ ಕಣೇ" ಅಂದಳು.

ಮರುದಿನ ಸಂಜೆ ಮಾಲಾ ಫಿಲೇಚರಿಂದ ನೇರ ಹಾಲಿಗೆ ಬಂದಳು. ಬಂದವಳೇ ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು, ಊದಿದ ಕೈಯಲ್ಲಿ ಫೋನಿತ್ತು. ಅವಳ ಬೀದಿಯ ಸೌಜನ್ಯ ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಾಳೆ, ಫೋನಿನಲ್ಲೇ ಅವಳಿಗೆ ಪತ್ರ ಕಳಿಸಿ ಓದಿಸಿಕೊಂಡು ಬಂದಿದ್ದಳು.

"ನಾನೇನ್ ಸತ್ತೋಗಿದೀನಾ ಟೀಚರಮ್ಮ?" ಅಂದಳು. "ಬೆಳಿಗ್ಗೆ ಇದು ನನ್ ಸೆರಗು ಬಿಡ್ಲಿಲ್ಲ. ಅಮ್ಮ, ಕೆಲ್ಸಕ್ಕೋದ್ರೆ ನೀನು ಸತ್ತೋಗ್ತೀಯಾ ಅಂತ ಕೇಳ್ತಾಳೆ. ಇಸ್ಕೂಲಿಗೋಗಲ್ಲ ಅಂತ ಒಂದೇ ಅಳು. ಒಂದಿನ ರಜಾ ಹಾಕಿದ್ರೂ ನನ್ ಜಾಗಕ್ಕೆ ಬೇರೆಯವ್ರು ಬರ್ತಾರೆ. ನಾನ್ ಬದ್ಕಿದೀನಿ ಅಂತ ಬರೀಲಿ. ಇವತ್ತೇ ಬರೀಲಿ."

ನಾನು ಫೋನ್ ಇಸಿದುಕೊಂಡು ಓದಿದೆ. ಮೈಯೆಲ್ಲ ಉರಿದುಹೋಯಿತು. ಹೆದರ್‌ಗೆ ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಗಲಾಟೆ ಕೇಳಿ ಅಯ್ಯನವರು ಓಡಿ ಬಂದರು.

"ಎಷ್ಟೊಂದು ಜನ ಪ್ರಾರ್ಥನೆ ಮಾಡ್ತಾ ಇದಾರೆ ಸಿಸ್ಟರ್," ಅಂದರು ನನಗೆ. "ಈಗ ತೆಗೆದ್ರೆ ಅವರ ಮನಸ್ಸಿಗೆ ನೋವಾಗುತ್ತೆ. ಉದ್ದೇಶ ಒಳ್ಳೇದೇ ಅಲ್ವಾ?"

"ಸುಳ್ಳು ಹೇಳಬಾರದು ಅಂತ ಪ್ರತಿ ಭಾನುವಾರ ನಿಂತ್ಕೊಂಡು ಹೇಳೋರು ನೀವೇ ಅಲ್ವಾ ಅಯ್ಯನವರೇ?" ಅಂದೆ. "ಇವಳನ್ನ ಕಂಡೂ ಕಂಡೂ ಹೆಂಗ್ ಕಳಿಸಿದ್ರಿ?"

ಉತ್ತರ ಕೊಟ್ಟವಳು ಮಾಲಾ. "ಪ್ರಾರ್ಥನೆ ಮಾಡ್ಲಿ ಸಾಮಿ, ನಾನ್ ಬೇಡ ಅಂದ್ನಾ? ಅಮ್ಮ ಇದಾಳೆ ಅಂತ ತಿಳ್ಕೊಂಡೇ ಮಾಡ್ಲಿ. ನಿಮ್ ದೇವ್ರು ಅಮ್ಮ ಇರೋ ಮಕ್ಕಳ್ನ ನೋಡಲ್ವಾ?"

ಅಯ್ಯನವರು ಮೀಟಿಂಗ್ ಇದೆ ಅಂತ ಹೊರಟರು. ಮತ್ತೆ ಎರಡು ದಿನ ಸತಾಯಿಸಿದರು. ಹೆದರ್ ಬರೆಯಲು ಹೋದಾಗಲೆಲ್ಲ, ಇರು, ಆ ಕಡೆಯ ಹಿರಿಯರನ್ನು ಕೇಳಬೇಕು ಅನ್ನುವರು. ಪತ್ರ ಹಾಕಿದ ಮೂರನೇ ದಿನ ಚೈತನ್ಯ ಶಾಲೆ ಬಿಟ್ಟು ಫಿಲೇಚರಿನ ಬಾಗಿಲಲ್ಲೇ ಕೂತಿದ್ದಳು, ಅಮ್ಮ ಬದುಕಿದ್ದಾಳಾ ಅಂತ ಕಾಯಲು. ಅದನ್ನು ಕೇಳಿ ನಾನು ಹೆದರ್‌ಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ: "ಪತ್ರ ಬರೆದಾಗ ಯಾರನ್ನ ಕೇಳಿದ್ದೆಯಮ್ಮ? ಈಗ್ಲೂ ಯಾರನ್ನೂ ಕೇಳಬೇಡ." ಹುಡುಗಿ ಸರಿ ಅಂತ ಎದ್ದಳು.

ನಾಲ್ಕನೇ ದಿನದ ಸಂಜೆ ಹಾಲಿನ ಮೆಟ್ಟಿಲ ಮೇಲೆ ಫೋಟೊ. ಮಾಲಾ ಮೊದಲು ಮುಖ ತೊಳೆದಳು, ನನ್ನ ಬಾಚಣಿಗೆ ಇಸಿದುಕೊಂಡು ತಲೆ ಬಾಚಿದಳು, ಆಮೇಲೆ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಎರಡೂ ಊದಿದ ಕೈಗಳನ್ನು ಅದರ ಭುಜದ ಮೇಲಿಟ್ಟಳು. ಹೆದರ್ ಹಳೆಯದನ್ನು ಅಳಿಸಿ ಹೊಸದು ಬರೆದಳು, ನಾನು ಅಕ್ಷರ ಅಕ್ಷರ ನೋಡಿದೆ: ನಾನು ಬರೆದದ್ದು ತಪ್ಪು. ಚೈತನ್ಯಳಿಗೆ ತಾಯಿ ಇದ್ದಾರೆ. ಅವರ ಹೆಸರು ಮಾಲಾ. ಯಾವಾಗಲೂ ಇದ್ದರು. ಬರೆದು ಮುಗಿಸಿ ಹೆದರ್ ಮಾಲಾಳ ಮುಂದೆ ನಿಂತು, "ತಪ್ಪಾಯ್ತು, ಅಮ್ಮ" ಅಂದಳು. ಮಾಲಾ ತಲೆಯಾಡಿಸಿದಳು, ನಗಲಿಲ್ಲ.

ಹತ್ತು ನಿಮಿಷದಲ್ಲಿ ಹೆದರ್ ಊರಿನಿಂದ ಉತ್ತರಗಳು ಬಂದವು. ಒಂದಾದ ಮೇಲೆ ಒಂದು, ಹೂವು, ಕೆಂಪು ಹೃದಯ. ಮಾಲಾ ಮೊದಲನೆಯದರ ಮೇಲೆ ಬೆರಳಿಟ್ಟು, "ಏನ್ ಬರ್ದವ್ರೆ, ಓದಿ" ಅಂದಳು. ನಾನು ಓದಿದೆ. ಓದಿ ಫೋನನ್ನು ಹೆದರ್‌ಗೆ ವಾಪಸ್ ಕೊಡಲು ಹೋದೆ. ಮತ್ತೆ ಕೇಳಿದಳು. ಹೇಳಲೇಬೇಕಾಯಿತು.

"ನಮ್ಮ ಪ್ರಾರ್ಥನೆ ಫಲಿಸಿತು, ಮಗುವಿಗೆ ತಾಯಿ ಸಿಕ್ಕಿದಳು, ದೇವರಿಗೆ ಸ್ತೋತ್ರ ಅಂತ ಬರ್ದಿದಾರಮ್ಮ."

ಮಾಲಾ ಆ ಫೋನನ್ನು ನೋಡಿದಳು, ಹೆದರ್‌ಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಾನೆಲ್ಲಿ ಕಳ್ದೋಗಿದ್ದೆ ಟೀಚರಮ್ಮ?"